ಮಾನಮ್ಮನ ಬೆನ್ನ ಹಿಂದಿನ ಒಲೆ

ನಾನು ಬಸ್ ಕಂಡಕ್ಟರ್. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಗಾಡಿ ನನ್ನದು. ಕೋಳಿ, ಕುರಿಮರಿ, ಕೆಂಪು ಬಾಳೆಯ ಗೊನೆ, ಮದುವೆಗೆ ಕೊಡುವ ಅಲ್ಮಾರಿ, ಎಲ್ಲವನ್ನೂ ಸಾಗಿಸಿದ್ದೇನೆ. ಯಾವ ಲಗೇಜಿಗೂ ಹೆದರಿದವನಲ್ಲ, ಒಂದನ್ನು ಬಿಟ್ಟು. ಅದು ನನ್ನ ಅಕ್ಕನ ಗಂಡ ಭೀಮಶಾನ ಗಿಟಾರ್ ಆಂಪ್ಲಿಫೈಯರ್. ಕಮಲಾಪುರದ ಸ್ಟಾಪಿನಲ್ಲಿ ಅವನು ಅದರ ಪಕ್ಕ ನಿಂತಿರುವುದು ದೂರದಿಂದ ಕಂಡರೆ ಸಾಕು, ಇವತ್ತು ರಜೆ ಹಾಕಬೇಕಿತ್ತು ಅನ್ನಿಸುತ್ತಿತ್ತು.

ಅಕ್ಕನ ಗಂಡನನ್ನು ನಮ್ಮಲ್ಲಿ ಮಾವ ಅನ್ನುತ್ತೇವೆ, ಜಗಳ ಮಾತ್ರ ಏಕವಚನದಲ್ಲೇ ಆಡುತ್ತೇವೆ. ಭೀಮಶಾ ಮಾವ ಕಮಲಾಪುರದಲ್ಲಿ ನೀರುಗಂಟಿ. ನಸುಕಿನಲ್ಲಿ ಎದ್ದು ಸೈಕಲ್ ಹತ್ತಿ ಓಣಿ ಓಣಿಗೆ ನಳದ ನೀರು ಬಿಡುವುದು ಅವನ ಕೆಲಸ. ಯಾವ ಓಣಿಗೆ ನೀರು ತಡವಾದರೂ ಬೈಗುಳ ಅವನಿಗೇ. ಎಲ್ಲವನ್ನೂ ಕೇಳಿಸಿಕೊಂಡು, ಬರ್ತದ್ರಿ, ಪ್ರೆಶರ್ ಕಮ್ಮಿ ಅದ ಎಂದು ನಕ್ಕು ಮುಂದಿನ ಓಣಿಗೆ ಹೋಗುವ ಮನುಷ್ಯ. ನನಗಾದರೋ ಪ್ರಯಾಣಿಕರು ಚಿಲ್ಲರೆ ಇಲ್ಲ ಅಂದರೆ ಮೈಯೆಲ್ಲ ಉರಿಯುತ್ತದೆ. ಇಂಥವನಿಗೆ ಸಿಟ್ಟು ಬರುವುದು ಯಾವಾಗ ಅಂತ ನಾನು ಬಹಳ ವರ್ಷ ಕಾದೆ, ಬರಲಿಲ್ಲ.

ಸಂಜೆಯಾದರೆ ಅದೇ ಮನುಷ್ಯ ಇಸ್ತ್ರಿ ಅಂಗಿ ತೊಟ್ಟು ಗಿಟಾರ್ ಹಿಡಿಯುತ್ತಾನೆ. ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಾಗ ಮದುವೆ ಆರ್ಕೆಸ್ಟ್ರಾದವರ ಹಿಂದೆ ಸುತ್ತಿ ಕಲಿತದ್ದು. ಓದು ತಲೆಗೆ ಹತ್ತಲಿಲ್ಲ, ಗಿಟಾರ್ ಕೈಗೆ ಹತ್ತಿತು. ಅವನೂ ನನ್ನ ಅಕ್ಕ ಮಾನಮ್ಮನೂ ಸೇರಿ ಕಟ್ಟಿದ ಹಾಡಿನ ಮೇಳ ಏಪ್ರಿಲ್ ಬಂತೆಂದರೆ ಮನೆಯಲ್ಲಿ ಇರುತ್ತಿರಲಿಲ್ಲ. ಬಾಬಾಸಾಹೇಬರ ಜಯಂತಿ, ಬುದ್ಧ ಪೂರ್ಣಿಮೆ, ಯಾವುದೋ ಊರಿನಲ್ಲಿ ಹೊಸ ವಿಹಾರದ ಉದ್ಘಾಟನೆ, ಎಲ್ಲದಕ್ಕೂ ಇವರೇ ಬೇಕು. ಮಾವ ಬಾರಿಸುವುದು, ಅಕ್ಕ ಹಾಡುವುದು. ಮೈಕ್ ಕೆಟ್ಟರೂ ಕೊನೆಯ ಸಾಲಿನಲ್ಲಿ ಕೂತವನಿಗೆ ಮಾತು ಮಾತೂ ಕೇಳಬೇಕು, ಅಂಥ ದನಿ. ನಾನು ಆ ದನಿಯಲ್ಲಿ ಬೈಸಿಕೊಂಡು ಬೆಳೆದ ತಮ್ಮ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇನ್ನು ಆ ಆಂಪ್ಲಿಫೈಯರ್. ಅದು ಮೊದಲು ಮುಚ್ಚಿಹೋದ ಒಂದು ಟೂರಿಂಗ್ ಟಾಕೀಸಿನದು. ಕಲಬುರಗಿಯ ರೋಜಾ ಬಡಾವಣೆಯ ಗಲ್ಲಿಯೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಬಂದಗಿಸಾಬರು ಅದನ್ನು ಬಿಚ್ಚಿ, ಗಿಟಾರಿಗೆ ಹೊಂದುವಂತೆ ಮತ್ತೆ ಕಟ್ಟಿಕೊಟ್ಟರು. ಹಳೆ ಬೆಂಚಿನ ಸಾಗವಾನಿ ಹಲಗೆಯ ಪೆಟ್ಟಿಗೆ, ಅದರಲ್ಲಿ ತಾಟಿನಷ್ಟು ದೊಡ್ಡ ಸ್ಪೀಕರ್, ಸ್ಪೀಕರಿನ ಮೇಲೆ ತಂತಿ ಜಾಲರಿಯ ಹಿಂದೆ ಸಾಲಾಗಿ ಗಾಜಿನ ವಾಲ್ವುಗಳು. ಹಳೆ ರೇಡಿಯೊದಲ್ಲಿ ಬಲ್ಬಿನಂಥವು ಇರುತ್ತಿದ್ದವಲ್ಲ, ಅವೇ. ಕರೆಂಟ್ ಕೊಟ್ಟ ಕೂಡಲೆ ಅವು ಮಾತಾಡುವುದಿಲ್ಲ, ಕೆಂಪಗೆ ಕಾದ ಮೇಲೆ ಬಾಯಿ ಬಿಡುತ್ತವೆ. ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಒಬ್ಬ ಮಾವ, ಇನ್ನೊಬ್ಬ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಊರುಗಳ ವೇದಿಕೆಯಲ್ಲಿ ಸ್ಪೀಕರುಗಳೆಲ್ಲ ಜನರ ಕಡೆಗೆ ಮುಖ ಮಾಡಿರುತ್ತವೆ. ಹಾಡುವವರಿಗೆ ತಮ್ಮ ವಾದ್ಯ ಕೇಳುತ್ತದೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ಮಾವ ತನ್ನ ಪೆಟ್ಟಿಗೆಯನ್ನು ಅಕ್ಕನ ಬೆನ್ನಿಗೆ ಸರಿಯಾಗಿ ಇಡುತ್ತಿದ್ದ. ಅವಳು ಸುರ್ ಹಿಡಿಯುತ್ತಿದ್ದದ್ದು ಬೆನ್ನಿನಿಂದ. ಕಿವಿ ಗದ್ದಲದಲ್ಲಿ ಮೋಸ ಹೋಗುತ್ತದೆ, ಬೆನ್ನು ಹೋಗುವುದಿಲ್ಲ ಅನ್ನುವಳು. ಡಿಸೆಂಬರ್, ಜನವರಿಯ ಥಂಡಿಯಲ್ಲಿ ಬಯಲಲ್ಲಿ ನಿಂತು ಹಾಡುವಾಗ ಆ ವಾಲ್ವುಗಳ ಕಾವಿಗೆ ಬೆನ್ನೊಡ್ಡಿ ನಿಲ್ಲುವಳು. ಮಾವನಿಗೆ ಅದು ಆಂಪ್ಲಿಫೈಯರ್, ಅಕ್ಕನಿಗೆ ಒಲೆ. ಕೊನೆಗೆ ಮೇಳದವರೆಲ್ಲ ಒಲಿ ಅಂತಲೇ ಕರೆಯತೊಡಗಿದರು.

ಒಲೆ ಹೊತ್ತಿಸುವುದಕ್ಕೂ ಒಂದು ಪದ್ಧತಿ ಇತ್ತು. ನಮ್ಮ ಕಾರ್ಯಕ್ರಮ ಶುರುವಾಗುವುದು ಬುದ್ಧ ವಂದನೆಯಿಂದ. ಎಲ್ಲರೂ ಎದ್ದು ಕೈ ಮುಗಿದು ತ್ರಿಸರಣ, ಪಂಚಶೀಲ ಹೇಳುತ್ತಾರೆ, ಆಗ ವಾದ್ಯ ಇಲ್ಲ. ಮಾವ ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಒಲೆಯ ಸ್ವಿಚ್ ಒತ್ತಿ, ಆಮೇಲೆ ಕೈ ಮುಗಿಯುವನು. ಪಂಚಶೀಲ ಮುಗಿಯುವುದಕ್ಕೂ ವಾಲ್ವುಗಳು ಕಾಯುವುದಕ್ಕೂ ಸರಿಹೋಗುತ್ತಿತ್ತು. ಅವನ ಕೈಗೆ ಇದು ಎಷ್ಟು ರೂಢಿಯೆಂದರೆ, ಮನೆಯಲ್ಲಿ ವಂದನೆ ಹೇಳುವಾಗಲೂ ಮೊದಲು ಬಲಗೈ ಸ್ವಿಚ್ ಹುಡುಕುತ್ತದೆ ಅಂತ ಅಕ್ಕ ಚೇಷ್ಟೆ ಮಾಡುತ್ತಿದ್ದಳು.

ಹೀಗಿರುವಾಗ ಅಕ್ಕನ ಕೊರಳಲ್ಲಿ ಗಂಟು ಬಂತು. ಥೈರಾಯ್ಡ್ ಎಂದರು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಜೀವ ಉಳಿಯಿತು. ದನಿ ಸಣ್ಣದಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಸುರ್ ಎಲ್ಲಿಯೂ ಹೋಗಿರಲಿಲ್ಲ. ಆದರೆ ತುಂಬಿ ಹರಿಯುತ್ತಿದ್ದದ್ದು ಈಗ ಸಣ್ಣ ಧಾರೆಯಾಗಿತ್ತು.

ಚೇತರಿಸಿಕೊಂಡು ಅವಳು ಮತ್ತೆ ವೇದಿಕೆ ಹತ್ತಿದ ದಿನ ನಾನೂ ಇದ್ದೆ. ಒಲೆಯ ಶಬ್ದದಲ್ಲಿ ಅವಳ ದನಿ ಮುಳುಗಿಹೋಯಿತು. ಮಾವ ಗಾಬರಿಯಿಂದ ಒಲೆಯ ದನಿ ತಗ್ಗಿಸಿದ. ತಗ್ಗಿಸಿದರೆ ಅದು ಸಪ್ಪೆ, ಜ್ವರ ಬಂದವರು ಗೊಣಗಿದ ಹಾಗೆ. ಆ ವಾಲ್ವುಗಳ ಸ್ವಭಾವವೇ ಹಾಗೆ. ಪೂರ್ತಿ ತೆರೆದಾಗಲೇ ಅವು ಜೇನಿನ ಹಾಗೆ ಮಾಗಿ ಹಾಡುವುದು, ತಗ್ಗಿಸಿದರೆ ಅದರಲ್ಲಿ ಜೀವ ಇಲ್ಲ. ಜೀವವಿಲ್ಲದ ಗಿಟಾರಿನ ಮೇಲೆ ಸುರ್ ಸಿಗದೆ ಅಕ್ಕ ತಡವರಿಸಿದಳು. ಎರಡನೆಯ ಚರಣಕ್ಕೆ ಮೈಕನ್ನು ಕಾವೇರಿಯ ಕೈಗೆ ಕೊಟ್ಟು ಕೆಳಗಿಳಿದು ಬಂದಳು. ಕಾವೇರಿ ಮಾವನ ತಮ್ಮನ ಮಗಳು, ನರ್ಸಿಂಗ್ ಓದುತ್ತಾಳೆ, ಅಲ್ಲಿಯವರೆಗೆ ಹಿಂದೆ ನಿಂತು ದನಿಗೂಡಿಸುತ್ತಿದ್ದವಳು. ಅಂದಿನಿಂದ ಅವಳೇ ಮುಂದೆ ಹಾಡಿದಳು. ಇನ್ನು ನಾನು ಸ್ಟೇಜ್ ಹತ್ತುವುದಿಲ್ಲ ಎಂದು ಅಕ್ಕ ಖಂಡಿತವಾಗಿ ಹೇಳಿಬಿಟ್ಟಳು.

ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಹಾಡುವುದು ನಿಂತಿತು. ನನ್ನನ್ನು ಬೈಯುವುದೂ ಕಮ್ಮಿಯಾಯಿತು. ಅದು ನನಗೆ ತಡೆಯಲಾಗಲಿಲ್ಲ. ಬೇಕೆಂದೇ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದೆ, ಅವಳು ಸುಮ್ಮನೆ ನೆಲ ಒರೆಸಿಕೊಂಡಳು. ಅವತ್ತು ಬಸ್ಸಿನಲ್ಲಿ ಯಾರ ಜೊತೆಯೂ ಜಗಳವಾಡುವ ಮನಸ್ಸಾಗಲಿಲ್ಲ.

ಅದಾದ ಮೇಲೆ ಮಾವ ರವಿವಾರ ರವಿವಾರ ಗಿಟಾರ್ ಒಂದನ್ನೇ ಹೆಗಲಿಗೆ ಹಾಕಿಕೊಂಡು ನನ್ನ ಬಸ್ ಹತ್ತತೊಡಗಿದ. ಕೇಳಿದರೆ, ಹೊಸ ಆಂಪ್ಲಿಫೈಯರ್ ನೋಡಲು ಕಲಬುರಗಿಗೆ ಹೊರಟಿದ್ದೇನೆ ಅಂದ. ನನಗೆ ರೇಗಿತು. ಹೆಂಡತಿ ಮೂಲೆ ಹಿಡಿದು ಕೂತಿದ್ದಾಳೆ, ಇವನಿಗೆ ಹೊಸ ಆಟಿಕೆಯ ಚಿಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಟಿಕೆಟ್ ಹರಿಯುತ್ತಲೇ ಚುಚ್ಚಿದೆ. ಪಕ್ಕದ ಸೀಟು ಖಾಲಿಯಾದಾಗ ಅವನು ನನ್ನನ್ನು ಕೂರಿಸಿಕೊಂಡು ಹೇಳಿದ.

“ಆಕಿ ದನಿ ದೊಡ್ಡದು ಮಾಡ್ಲಾಕ ನನ್ನ ಕೈಲಿ ಆಗಲ್ಲ, ದಿಲೀಪಾ. ನನ್ನ ದನಿ ಸಣ್ಣದು ಮಾಡ್ಕೋಬಹುದು. ಸಣ್ಣದಾದ್ರೂ ಜೀವ ಇರೋ ಪೆಟ್ಟಿಗಿ ಎಲ್ಲ್ಯಾರ ಇದ್ದೀತು. ಆಕಿಗಿ ಮಾತ್ರ ಹೇಳಬ್ಯಾಡ.”

ಹೇಳಿದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ನನ್ನ ದನಿ ಹೋಯಿತೆಂದು ಊರಿಗೆಲ್ಲ ಸಾರುತ್ತೀಯಾ ಎಂದು ಅವಳು ಆ ಪೆಟ್ಟಿಗೆಯನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ. ಮುಂದಿನ ವಾರ ರಜೆ ಹಾಕಿ ನಾನೂ ಅವನ ಜೊತೆ ಹೋದೆ.

ಅಂಗಡಿ ಸೇಡಂ ರಸ್ತೆಯಲ್ಲಿ. ಮಾಲೀಕ ವಿಶ್ವಾಸ ಅಂತ, ಹಾರ್ಮೋನಿಯಂನಿಂದ ಹಿಡಿದು ಡ್ರಮ್ಮಿನವರೆಗೆ ಎಲ್ಲ ಮಾರುತ್ತಾನೆ, ಸ್ವತಃ ಗಿಟಾರ್ ಬಲ್ಲವನು. ಮೊದಲು ಒಂದು ಸಣ್ಣ ವಾಲ್ವ್ ಪೆಟ್ಟಿಗೆ ತೋರಿಸಿದ. ಹೊಸದೇ, ಆದರೆ ಒಳಗೆ ನಮ್ಮ ಒಲೆಯ ಥರದವೇ ಗಾಜಿನ ಬುರುಡೆಗಳು. ಮಾವ ಒಂದು ತಂತಿ ಮೀಟಿದ, ಅವನ ಮುಖ ಅರಳಿತು. ದನಿ ತಗ್ಗಿಸಿದ, ಮುಖವೂ ತಗ್ಗಿತು. ಅದಕ್ಕೂ ಅದೇ ಕಾಯಿಲೆ. ಮೇಲಾಗಿ ಬಂದಗಿಸಾಬರು ತೀರಿಕೊಂಡ ಮೇಲೆ ವಾಲ್ವ್ ಸುಟ್ಟರೆ ಕೈ ಹಾಕುವವರು ಊರಲ್ಲಿ ಯಾರೂ ಉಳಿದಿಲ್ಲ. ಎರಡನೆಯದು ಟ್ರಾನ್ಸಿಸ್ಟರಿನದು. ಹಗುರ, ಗಟ್ಟಿಮುಟ್ಟು, ಸ್ವಿಚ್ ಒತ್ತಿದರೆ ತಕ್ಷಣ ತಯಾರು. ನನಗೆ ಅದೇ ಸಾಕೆನ್ನಿಸಿತು. ಮಾವನಿಗೆ ಸ್ಟೀಲ್ ತಾಟಿಗೆ ಚಮಚ ಬಡಿದ ಹಾಗೆ ಕೇಳಿತಂತೆ.

ಮೂರನೆಯದಕ್ಕೆ ಮಾಡೆಲಿಂಗ್ ಆಂಪ್ಲಿಫೈಯರ್ ಅಂತ ಹೆಸರು. ಅದರೊಳಗೆ ಒಂದು ಕಂಪ್ಯೂಟರ್ ಇದೆ, ಹಳೆಕಾಲದ ಹತ್ತಾರು ಪೆಟ್ಟಿಗೆಗಳು ಹೇಗೆ ಹಾಡುತ್ತಿದ್ದವೋ ಹಾಗೆ ಹಾಡಲು ಅದು ಕಲಿತಿದೆ, ಗುಂಡಿ ತಿರುಗಿಸಿದರೆ ಬೇಕಾದ ದನಿ ಎಂದು ವಿಶ್ವಾಸ ವಿವರಿಸಿ ಒಂದನ್ನು ಬಾರಿಸಿ ತೋರಿಸಿದ. ಕಲ್ಲಿನ ಲಾರಿ ಬರಿದು ಮಾಡಿದಂತಾಯಿತು. ಮಾವ ಎರಡು ಹೆಜ್ಜೆ ಹಿಂದೆ ಸರಿದು, ಇದರಲ್ಲಿ ನಮ್ಮ ಒಲಿ ದನಿ ಇದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಆಮೇಲೆ ಅವನು ಮಾಡಿದ್ದನ್ನು ನೋಡಿ ನಾನು ಅವನ ಪೈಕಿಯವನೇ ಅಲ್ಲ ಅನ್ನುವ ಹಾಗೆ ಬಾಗಿಲ ಹತ್ತಿರ ಹೋಗಿ ನಿಂತೆ. ಪೆಟ್ಟಿಗೆಯನ್ನು ಸ್ಟೂಲಿನ ಮೇಲೆ ಇಡಿಸಿ, ಗಿಟಾರ್ ಹಿಡಿದು ಅದರ ಮುಂದೆ ನಿಂತ, ಪೆಟ್ಟಿಗೆಗೆ ಬೆನ್ನು ಮಾಡಿ. ಕಣ್ಣು ಮುಚ್ಚಿದ. ಒಂದು ಕೈಯಷ್ಟು ದೂರ ಸರಿದು, ಮತ್ತೆ ಹತ್ತಿರ ಬಂದು, ಮೆಲ್ಲಗೆ ಬಾರಿಸುತ್ತಾ ಅಕ್ಕನ ಹಾಡನ್ನು ಅವಳದೇ ಸಣ್ಣ ದನಿಯಲ್ಲಿ ಗುನುಗತೊಡಗಿದ. ಮೀಸೆ ಹೊತ್ತ ಗಂಡಸು ಹೆಂಗಸಿನ ದನಿಯಲ್ಲಿ ಹಾಡುವುದನ್ನು ಕಂಡು ಗಿರಾಕಿಗಳು ಬಾಯಿಗೆ ಕೈ ಅಡ್ಡ ಹಿಡಿದರು. ಅವನಿಗೆ ಅದರ ಪರಿವೆಯೇ ಇಲ್ಲ. ಕೊಳ್ಳುವವನು ಅವನು, ಪರೀಕ್ಷೆ ಮಾತ್ರ ಅಕ್ಕನ ಬೆನ್ನಿನದು.

ಇದು ಒಂದು ವಾರದ ಕತೆಯಲ್ಲ. ಮಾವ ಮತ್ತೆ ಮತ್ತೆ ಹೋದ, ವಿಶ್ವಾಸ ಬೇಸರ ಮಾಡಿಕೊಳ್ಳದೆ ಒಂದೊಂದೇ ದನಿ ತಿರುಗಿಸಿ ತೋರಿಸಿದ, ಕೊನೆಕೊನೆಗೆ ಅವನೇ ಚಹಾ ತರಿಸತೊಡಗಿದ. ಒಂದು ರವಿವಾರ ಮಾವ ಗುನುಗುವುದನ್ನು ನಡುವೆ ನಿಲ್ಲಿಸಿ ಹಾಗೇ ನಿಂತುಬಿಟ್ಟ. ನಾನೂ ಕೇಳಿದೆ. ಎದುರು ಕೂತವರ ಮಾತಿಗಿಂತ ಸಣ್ಣದಾಗಿ ಬರುತ್ತಿತ್ತು, ಆದರೂ ನಮ್ಮ ಒಲೆ ಪೂರ್ತಿ ತೆರೆದಾಗಿನ ಅದೇ ಮಾಗಿದ ದನಿ. ಹಳೆಯದಕ್ಕೆ ಮೈ ಕಾಯಿಸಿ ದುಡಿದರೆ ಮಾತ್ರ ಆ ದನಿ ಬರುತ್ತದೆ, ಇದು ಆ ದನಿಯನ್ನು ಮೊದಲು ಮಾಡಿಕೊಂಡು ಆಮೇಲೆ ಎಷ್ಟು ಜೋರಾಗಿ ಬೇಕು ಎಂದು ನಮ್ಮನ್ನು ಕೇಳುತ್ತದೆ ಎಂದು ವಿಶ್ವಾಸ ಹೇಳಿದ. ಮಾವನಿಗೆ ತಿಳಿದದ್ದು ತನ್ನ ಭಾಷೆಯಲ್ಲಿ. ಊರಿನ ಟ್ಯಾಂಕಿಯಲ್ಲಿ ಗೇಣು ನೀರಿದ್ದರೂ ನಳದಲ್ಲಿ ಪೂರಾ ಪ್ರೆಶರ್ ಬಂದ ಹಾಗೆ ಅಂದ. ಗುಂಡಿ ನಿಂತ ಜಾಗಕ್ಕೆ ಕಾವೇರಿಯ ಹತ್ತಿರ ಮೊದಲೇ ಇಸಿದುಕೊಂಡು ತಂದಿದ್ದ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟ.

ಹೊಸ ಪೆಟ್ಟಿಗೆಯನ್ನು ಅವನು ಒಂದೇ ಕೈಯಲ್ಲಿ ಹಿಡಿದು ಬಸ್ ಹತ್ತಿದ ದಿನ ನನಗಾದ ಸಂತೋಷ ಅವನಿಗೂ ಆಗಿರಲಿಕ್ಕಿಲ್ಲ. ಕಿಟಕಿ ಪಕ್ಕದ ಸೀಟನ್ನೇ ಕೊಟ್ಟೆ. ನನ್ನ ಸೊಂಟಕ್ಕೆ ಸ್ವಾತಂತ್ರ್ಯ ಬಂದಿತ್ತು.

ಮನೆಯಲ್ಲಿ ಅಕ್ಕ ಅದನ್ನು ಎತ್ತಿ ನೋಡಿ, ಹಗುರ ಇದೆ ಅಂದಳು. ಆಮೇಲೆ ಮೂಲೆಯಲ್ಲಿ ಚಾದರ ಹೊದಿಸಿಟ್ಟಿದ್ದ ಒಲೆಯ ಕಡೆ ನೋಡಿದಳು. ಕಾವೇರಿಗೆ ಚೆನ್ನಾಗಿ ಹೊಂದುತ್ತದೆ ಎಂದು ಒಳಗೆ ಹೋದಳು. ಅವಳ ಲೆಕ್ಕ ನನಗೆ ತಿಳಿಯಿತು. ಹಳೆ ಪೆಟ್ಟಿಗೆ, ಹಳೆ ಹಾಡುಗಾರ್ತಿ, ಇಬ್ಬರೂ ಮೂಲೆಗೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಚಾದರ ಸರಿಸಿ, ಸೆರಗಿನಿಂದ ಒಲೆಯ ಜಾಲರಿಯ ಧೂಳು ಒರೆಸುತ್ತಿದ್ದಳು. ಅಂಗಳಕ್ಕೆ ಬಂದು ಮಾವನನ್ನು ತರಾಟೆಗೆ ತೆಗೆದುಕೊಂಡೆ, ನೀನು ಹೇಳುತ್ತೀಯೋ ನಾನು ಹೇಳಲೋ ಅಂದೆ. ಹೇಳಿದರೆ ಅವಳ ಕಿವಿ ಕೇಳುತ್ತದೆ, ಬೆನ್ನು ಕೇಳಬೇಕು ಎಂದ.

ಜನವರಿ ಮೂರರಂದು ಅಕ್ಷರದವ್ವ ಸಾವಿತ್ರಿಬಾಯಿ ಜಯಂತಿ. ಸಂಜೆ ಕಮಲಾಪುರದ ವಿಹಾರದ ಮುಂದೆ ಕಾರ್ಯಕ್ರಮ. ಅಕ್ಕ ಶಾಲು ಹೊದ್ದು ಹೆಂಗಸರ ಮುಂದಿನ ಸಾಲಿನಲ್ಲಿ ಕೂತಿದ್ದಳು, ಅವಳ ಪಕ್ಕ ಓಣಿಯ ಹಿರಿಯಳು ಸಾಬಮ್ಮ. ವಂದನೆಗೆ ಎಲ್ಲರೂ ಎದ್ದರು. ಮಾವ ಗಿಟಾರನ್ನು ಕೊರಳಿಗೆ ಹಾಕಿಕೊಂಡ, ರೂಢಿಯಂತೆ ಸ್ವಿಚ್ ಒತ್ತಿದ, ಕೈ ಮುಗಿದ. ಹಳೆ ಒಲೆಯಾಗಿದ್ದರೆ ಇನ್ನೂ ನಿದ್ದೆಗಣ್ಣಿನಲ್ಲಿರುತ್ತಿತ್ತು. ಇದು ಆ ಕ್ಷಣವೇ ಎಚ್ಚರ. ಅದರ ಮೇಲೆ, ತಂದ ದಿನ ನನ್ನ ಬಸ್ಸಿನ ಕುಲುಕಾಟದಲ್ಲಿ ಗುಂಡಿ ಕೆಂಪು ಚುಕ್ಕೆ ಬಿಟ್ಟು ಕಲ್ಲಿನ ಲಾರಿಯ ದನಿಯ ಕಡೆಗೆ ಸರಿದಿತ್ತು, ಅಕ್ಕನಿಗೆ ಮೊದಲೇ ಕೇಳಬಾರದೆಂದು ಮಾವ ಮನೆಯಲ್ಲಿ ಅದನ್ನು ಹಚ್ಚಿಯೇ ಇರಲಿಲ್ಲ. ಪಂಚಶೀಲದ ನಡುವೆ ಮಾವ ಭಕ್ತಿಯಿಂದ ತಲೆ ಬಾಗಿಸಿದ, ಅಂಗಿಯ ತೋಳಿನ ಗುಂಡಿ ತಂತಿಗೆ ತಾಗಿತು.

ಬ್ರೇಕ್ ಫೇಲಾದ ಗಾಡಿಯಲ್ಲೂ ಅಂಥ ಶಬ್ದ ನಾನು ಕೇಳಿಲ್ಲ. ವೇದಿಕೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು. ಮಕ್ಕಳು ಅತ್ತವು. ವಂದನೆ ಹೇಳಿಸುತ್ತಿದ್ದ ಭಿಕ್ಷು ಭಂತೇಜಿ ಕಣ್ಣು ತೆರೆದರು. ಮಾವ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ತಿರುಗಿಸಿದ, ಪೆಟ್ಟಿಗೆ ಒಮ್ಮೆ ಬಾವಿಯೊಳಗಿಂದ ಕೂಗಿದ ಹಾಗೆ, ಒಮ್ಮೆ ಸೊಳ್ಳೆಯ ಹಾಗೆ, ಕಲಿತ ವಿದ್ಯೆಯನ್ನೆಲ್ಲ ಅಲ್ಲೇ ತೋರಿಸತೊಡಗಿತು. ನಗಬೇಕೋ ಪಂಚಶೀಲ ಮುಂದುವರಿಸಬೇಕೋ ತಿಳಿಯದೆ ಜನ ಕೈ ಮುಗಿದುಕೊಂಡೇ ನಿಂತರು.

ವಂದನೆ ನಡುವೆ ನಿಂತದ್ದು ಅಕ್ಕನಿಗೆ ಸಹಿಸಲಾಗಲಿಲ್ಲ. ಎಲ್ಲರನ್ನೂ ದಾಟಿಕೊಂಡು ವೇದಿಕೆ ಹತ್ತಿ ಪ್ಲಗ್ಗನ್ನೇ ಕಿತ್ತಳು. ಗಕ್ಕನೆ ಎಲ್ಲ ಶಾಂತ. ಅವಳು ತನ್ನ ಹಳೆಯ ಜಾಗದಲ್ಲೇ ನಿಂತು, ಮೈಕೂ ಇಲ್ಲದೆ, ಬಿಟ್ಟ ಕಡೆಯಿಂದ ಪಂಚಶೀಲವನ್ನು ಹೇಳತೊಡಗಿದಳು. ಆ ಸಣ್ಣ ದನಿ ಕೇಳಿಸಿಕೊಳ್ಳಲು ಜನ ಉಸಿರು ಬಿಗಿಹಿಡಿದು, ಒಂದೊಂದು ಸಾಲನ್ನೂ ಅವಳ ಹಿಂದೆ ಹೇಳಿದರು. ಮುಗಿಯಿತು. ಎಲ್ಲರೂ ಕೂತರು. ಅವಳು ಇಳಿಯಲು ತಿರುಗಿದಳು.

ಅಷ್ಟರಲ್ಲಿ ಮಾವ ಪ್ಲಗ್ ಹಾಕಿ, ಗುಂಡಿಯನ್ನು ಕೆಂಪು ಚುಕ್ಕೆಗೆ ತಂದು, ಮೆಲ್ಲಗೆ ಅವಳ ಹಾಡಿನ ಮೊದಲ ಸುರ್ ಮೀಟಿದ. ಅಕ್ಕ ಅಲ್ಲಿಯೇ ನಿಂತಳು. ಹಿಂದೆ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಸ್ವಲ್ಪ ನೆಟ್ಟಗಾಯಿತು.

“ಒಲಿ ದನಿ ಇದು,” ಅಂದಳು.

“ಹೂಂ. ನಿನ್ನ ದನಿಯಷ್ಟಕ್ಕೇ ಇಟ್ಟೀನಿ. ಅದಕ್ಕೇ ತಂದೀನಿ,” ಅಂದ ಮಾವ.

ಅಕ್ಕ ಹಿಂದಕ್ಕೆ ಕೈ ಚಾಚಿ ಪೆಟ್ಟಿಗೆಯನ್ನು ಮುಟ್ಟಿದಳು. “ತಣ್ಣಗದ,” ಅಂದಳು. ಕಾವೇರಿ ಮೈಕನ್ನು ಅವಳ ಕೈಗಿಟ್ಟು ತಾನು ಹಿಂದಿನ ಜಾಗಕ್ಕೆ ಹೋಗಿ ನಿಂತಳು.

ಅಕ್ಕ ಹಾಡಿದಳು. ಮೊದಲಿನ ದನಿ ಅಲ್ಲ, ಆ ದನಿ ಇನ್ನು ಬರುವುದಿಲ್ಲ. ಆದರೆ ಈ ಸಲ ಯಾವುದೂ ಅವಳನ್ನು ಮುಳುಗಿಸಲಿಲ್ಲ. ಸಣ್ಣ ದನಿಯ ಪಕ್ಕದಲ್ಲಿ ಸಣ್ಣ ಗಿಟಾರ್, ಸಂತೆಯಿಂದ ಮಾತಾಡಿಕೊಂಡು ಬರುವ ಗಂಡ ಹೆಂಡಿರ ಹಾಗೆ ಜೊತೆಗೆ ನಡೆಯಿತು. ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಹತ್ತಿರ ಬಂದರು. ಸಾಬಮ್ಮ ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋದ ಮೇಲೆ, ಗುಂಡಿ ತಿರುಗದ ಹಾಗೆ ಬಸ್ ನಡೆಸಲು ನಿಮ್ಮ ಡ್ರೈವರಿಗೆ ಬರುವುದಿಲ್ಲವೇ ಎಂದು ಅವಳು ನನ್ನನ್ನು ಚೆನ್ನಾಗಿ ಬೈದಳು. ಹೊಟ್ಟೆ ತುಂಬ ಉಂಡೆ.

ತಿಂಗಳ ಕೊನೆಗೆ ಕಲಬುರಗಿ ಪಕ್ಕದ ಕುಸನೂರಿನ ಹೊಸ ಬಡಾವಣೆಯಲ್ಲಿ ಕಾರ್ಯಕ್ರಮವಿತ್ತು. ಕಲಬುರಗಿಗೆ ಮರಳುವ ಗಾಡಿ. ಕಮಲಾಪುರದ ಸ್ಟಾಪಿನಲ್ಲಿ ಮಾವ ಹೊಸ ಪೆಟ್ಟಿಗೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅಕ್ಕ, ಕಾವೇರಿ. ಅವರ ಪಕ್ಕದಲ್ಲಿ, ಚಾದರ ಹೊದ್ದು, ನನ್ನ ಹಳೆ ವೈರಿ. ಕೆಟ್ಟ ಕನಸೋ ಏನೋ ಎಂದು ಕಣ್ಣು ಉಜ್ಜಿಕೊಂಡೆ. ಹಗುರ ಆಗಲೆಂದು ಹೊಸದು ತಂದು ಈಗ ಎರಡೂ ಹೊರಬೇಕೇ ಎಂದು ನಾನು ಕೂಗಾಡಿದೆ.

“ಆಕಿ ಬೆನ್ನಿಗಿ ಥಂಡಿ ಹತ್ತತದ,” ಅಂದ ಮಾವ.

ಬಸ್ಸಿನವರೆಲ್ಲ ನೋಡುತ್ತಿದ್ದರು. ಇಳಿದು ಒಂದು ಬದಿ ಹಿಡಿದೆ. ಸೊಂಟ ಹಿಡಿಯಿತು. ಲಗೇಜ್ ಟಿಕೆಟನ್ನೂ ಹರಿದೆ, ಬಿಡಲಿಲ್ಲ.

ಡ್ಯೂಟಿ ಮುಗಿಸಿ ನಾನೂ ಕುಸನೂರಿಗೆ ಹೋದೆ. ವೇದಿಕೆಯಲ್ಲಿ ಥಂಡಿಗಾಳಿ ಬೀಸುತ್ತಿತ್ತು. ಹೊಸ ಪೆಟ್ಟಿಗೆಯನ್ನು ಅಕ್ಕನ ಬೆನ್ನ ಹಿಂದೆ ಒಂದು ಕಡೆಗೆ ಸ್ಟೂಲಿನ ಮೇಲೆ ಇಟ್ಟರು, ಅದರ ಪಕ್ಕಕ್ಕೇ ಒಲೆ. ಒಲೆಗೆ ಕರೆಂಟ್ ಮಾತ್ರ, ಗಿಟಾರಿನ ವೈರ್ ಇಲ್ಲ. ವಂದನೆಗೆ ಎಲ್ಲರೂ ಎದ್ದರು. ಮಾವ ಒಲೆಯ ಸ್ವಿಚ್ ಒತ್ತಿ ಕೈ ಮುಗಿದ. ಹೊಸದರ ತಂಟೆಗೆ ಹೋಗಲಿಲ್ಲ. ಪಂಚಶೀಲ ಮುಗಿಯುವ ಹೊತ್ತಿಗೆ ಜಾಲರಿಯ ಹಿಂದೆ ವಾಲ್ವುಗಳು ಕೆಂಪಗೆ ಕಾದಿದ್ದವು. ಅಕ್ಕ ಅವುಗಳಿಗೆ ಬೆನ್ನೊಡ್ಡಿ ನಿಂತು, ಹೊದ್ದಿದ್ದ ಶಾಲನ್ನು ತೆಗೆದು ನನ್ನ ಕೈಗೆ ಕೊಟ್ಟಳು.